ಪಕ್ಷಿ ಪುನರ್ವಸತಿ

ಗಾಯಗೊಂಡ, ರೋಗಪೀಡಿತ ಅಥವಾ ತಬ್ಬಲಿಯಾದ ಕಾಡುಹಕ್ಕಿಗೆ ಚಿಕಿತ್ಸೆ ನೀಡಿ, ಹಾರುವ ಶಕ್ತಿ ಮರಳಿದ ಮೇಲೆ ಅದರ ನೆಲೆಯಲ್ಲೇ ಬಿಡುವ ಕಾರ್ಯ. ವನ್ಯಜೀವಿ ಪಶುವೈದ್ಯದ ಒಂದು ಅಂಗ. ಸಾಕುವುದು ಇದರ ಉದ್ದೇಶವಲ್ಲ. ಚಿಕಿತ್ಸೆಯ ಕ್ರಮವನ್ನು ಬಹುಮಟ್ಟಿಗೆ ಹಕ್ಕಿಯ ದೇಹರಚನೆಯೇ ನಿರ್ಧರಿಸುತ್ತದೆ. ಬಹುತೇಕ ಹಕ್ಕಿಗಳ ತೋಳಿನ ಮೂಳೆ ಟೊಳ್ಳಾಗಿದ್ದು, ಆ ಪೊಳ್ಳು ಉಸಿರಾಟದ ಗಾಳಿಚೀಲಕ್ಕೆ ಕೂಡಿಕೊಂಡಿರುತ್ತದೆ. ಆದ್ದರಿಂದ ಮೂಳೆ ಮುರಿದು ಚರ್ಮ ಸೀಳಿ ಹೊರಬಂದಿದ್ದರೆ ಗಾಯಕ್ಕೆ ನೀರು ಹೊಯ್ದು ತೊಳೆಯುವಂತಿಲ್ಲ. ನೀರು ಶ್ವಾಸಮಾರ್ಗಕ್ಕೆ ಇಳಿಯಬಹುದು. ಹಕ್ಕಿಗೆ ವಪೆಯಿಲ್ಲ, ಎದೆಗೂಡಿನ ಏರಿಳಿತದಿಂದಲೇ ಉಸಿರಾಟ. ರೆಕ್ಕೆಗೆ ಪಟ್ಟಿ ಕಟ್ಟುವ ಭರದಲ್ಲಿ ಎದೆ ಬಿಗಿದರೆ ಉಸಿರುಕಟ್ಟಿ ಸಾಯುತ್ತದೆ. ಮೂಳೆ ಕೂಡಿದ ಮೇಲೂ ದೊಡ್ಡ ಪಂಜರದಲ್ಲಿ ಹಾರಾಟದ ಅಭ್ಯಾಸ ಅಗತ್ಯ.

ಬೆಂಗಳೂರಿನಲ್ಲಿ ಗಾಳಿಪಟದ ಮಾಂಜಾ ದಾರ ಹದ್ದುಗಳ ರೆಕ್ಕೆಯ ಮುಂಬದಿಯ ತೊಗಲನ್ನು ಕೊಯ್ಯುತ್ತದೆ. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿ ದೇಶಾದ್ಯಂತ ನಿಷೇಧಿಸಿತು. ಕೆಂಗೇರಿಯ ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿ ಆಸ್ಪತ್ರೆ ಇಂಥ ಹಕ್ಕಿಗಳಿಗೆ ಚಿಕಿತ್ಸೆ ನೀಡುತ್ತದೆ.

ಹನೂರು ಸೀಮೆಯಲ್ಲಿ ಕಾವೇರಿ (1987), ಮಲೆಮಹದೇಶ್ವರ (2013) ವನ್ಯಧಾಮಗಳ ಕಾಡುಗಳಿವೆ. ಇಂಥ ಕಡೆ ಗಾಯಗೊಂಡ ನವಿಲು, ಗೂಬೆ ಸಿಕ್ಕರೆ ಮನೆಯಲ್ಲಿ ಇಟ್ಟುಕೊಳ್ಳಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅವಕಾಶ ಕೊಡುವುದಿಲ್ಲ. ಅರಣ್ಯ ಇಲಾಖೆಗೆ ಒಪ್ಪಿಸಬೇಕು.