ಪ್ಲಾಸ್ಟಿಕ್ ಕಸ (ಬೆಳಗಾವಿ–ಖಾನಾಪುರ)
ಕಡಲು ಕಾಣದ ಬೆಳಗಾವಿ, ಖಾನಾಪುರಗಳ ಪ್ಲಾಸ್ಟಿಕ್ ಕಸಕ್ಕೂ ಕಡಲಿಗೂ ನಂಟಿದೆ. ನೀರೇ ಅದರ ದಾರಿ. ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಹುಟ್ಟುವ ಮಹದಾಯಿ ಗೋವೆಯಲ್ಲಿ ಮಾಂಡೋವಿಯಾಗಿ ಪಣಜಿಯ ಬಳಿ ಅರಬ್ಬಿ ಸಮುದ್ರ ಸೇರುತ್ತದೆ. ಅದೇ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಖಾನಾಪುರ ಪಟ್ಟಣವನ್ನು ಹಾದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡಿ ಬಂಗಾಳ ಕೊಲ್ಲಿಯತ್ತ ಸಾಗುತ್ತದೆ. ಒಂದೇ ತಾಲ್ಲೂಕಿನ ಕಸಕ್ಕೆ ಹೀಗೆ ಎರಡು ಕಡಲುಗಳ ಹಾದಿ ತೆರೆದಿದೆ.

ಬೆಳಗಾವಿಯಲ್ಲಿ ಕಸ ಹೊರುವುದು ಬಳ್ಳಾರಿ ನಾಲಾ. ಮಳೆಗಾಲದಲ್ಲಿ ಅದು ಉಕ್ಕಿ ಶಹಾಪುರ, ವಡಗಾವಿ ಕಡೆಯ ಭತ್ತದ ಗದ್ದೆಗೆ ನುಗ್ಗುತ್ತದೆ. ನೀರಿಳಿದ ಮೇಲೆ ಬದುವಿನ ಹುಲ್ಲಿಗೆ ಸುತ್ತಿಕೊಂಡ ಕ್ಯಾರಿಬ್ಯಾಗು, ಸಸಿಯ ಬುಡದಲ್ಲಿ ಹೂತ ಗುಟ್ಕಾ ಚೀಟಿಗಳನ್ನು ರೈತರು ಕೈಯಿಂದಲೇ ಆರಿಸಬೇಕು. ನಗರದ ಕಸ ಸಂಸ್ಕರಣೆಯ ಜಾಗ ತುರಮುರಿಯಲ್ಲಿದೆ. ನಾಲಾಕ್ಕೆ ಬಿದ್ದದ್ದು ಅಲ್ಲಿಗೆ ತಲುಪುವುದಿಲ್ಲ.

ಹೆಚ್ಚು ಕಳವಳದ ಜಾಗ ಜಾಂಬೋಟಿ–ಕಣಕುಂಬಿ–ಚೋರ್ಲಾ ರಸ್ತೆ. 2011ರಲ್ಲಿ ಘೋಷಣೆಯಾದ ಭೀಮಗಡ ವನ್ಯಜೀವಿಧಾಮ ಈ ಸೀಮೆಯದೇ. ರಸ್ತೆಬದಿಗೆ ಎಸೆದ, ತಿಂಡಿಯ ಉಪ್ಪು, ಎಣ್ಣೆ ಅಂಟಿದ ಪೊಟ್ಟಣದ ವಾಸನೆಗೆ ಬರುವ ಜಿಂಕೆ, ಕಡವೆಗಳು ಪೊಟ್ಟಣವನ್ನೇ ನುಂಗಬಹುದು. ಪ್ಲಾಸ್ಟಿಕ್ ಹೊಟ್ಟೆಯಲ್ಲಿ ಕರಗದೆ ಉಳಿದು ಮೇವಿನ ದಾರಿ ಕಟ್ಟುತ್ತದೆ.

ಕರ್ನಾಟಕ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟ, ಫ್ಲೆಕ್ಸ್‌ಗಳನ್ನು ನಿಷೇಧಿಸಿತು. ಒಮ್ಮೆ ಬಳಸಿ ಎಸೆಯುವ ಹಲವು ವಸ್ತುಗಳ ಮೇಲಿನ ಕೇಂದ್ರದ ನಿಷೇಧ 2022ರ ಜುಲೈ 1ರಿಂದ ಜಾರಿಯಲ್ಲಿದೆ. ಬದಲಿ ವಸ್ತು ದೂರದಿಂದ ಬರಬೇಕಿಲ್ಲ: ಖಾನಾಪುರ ಕುಂಬಾರಿಕೆಗೆ ಹೆಸರಾದ ಊರು, ಚಹಾದ ಮಣ್ಣಿನ ಕುಡಿಕೆಗೆ ಬೇಕಾದ ಜೇಡಿಮಣ್ಣೂ ಪಳಗಿದ ಕೈಗಳೂ ಅಲ್ಲೇ ಇವೆ.