ಜಗಲಿಯ ಹೆಂಚು ಕಲಿಸಿದ ಪಾಠ



ನಮ್ಮ ಹಿರಿಯರ ಮನೆ ಎಂದು ಕಟ್ಟಲ್ಪಟ್ಟಿತೆಂಬುದಕ್ಕೆ ದಾಖಲೆಯಿಲ್ಲ. ಕಳೆದ ಮಳೆಗಾಲದಲ್ಲಿ ಜಗಲಿಯ ನೆಲದ ಹೆಂಚುಗಳು ಕೆಲವು ಬಿರಿದವು. ಒಂದನ್ನು ಮಗುಚಿ ನೋಡಿದರೆ ಹಿಂಬದಿಯಲ್ಲಿ ‘ಬಾಸೆಲ್ ಮಿಷನ್’ ಎಂಬ ಅಚ್ಚು!

1834ರಲ್ಲಿ ಮಂಗಳೂರಿಗೆ ಬಂದ ಈ ಮಿಷನ್, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿತು. ಅದರ ರೂವಾರಿ ಜಾರ್ಜ್ ಪ್ಲೆಬ್ಸ್ಟ್. ಮತಾಂತರದಿಂದ ಕುಲವೃತ್ತಿ ಕಳೆದುಕೊಂಡವರಿಗೆ ಉದ್ಯೋಗ ಕಲ್ಪಿಸುವುದು ಅದರ ಉದ್ದೇಶಗಳಲ್ಲೊಂದು. ನೇತ್ರಾವತಿ ತೀರದ ಜೇಡಿಮಣ್ಣು ಉದ್ಯಮಕ್ಕೆ ಆಧಾರವಾಯಿತು. ಮೊದಲ ಮಹಾಯುದ್ಧದ ತರುವಾಯ ಕಾರ್ಖಾನೆಗಳು ಮಿಷನ್ನಿನ ಕೈಬಿಟ್ಟವು. ಅಂದಮೇಲೆ ನಮ್ಮ ಹೆಂಚಿನ ಪ್ರಾಯ ನೂರು ವರ್ಷ ಮೀರಿದೆ.

ಅದು ಬಿರಿದದ್ದೇಕೆ? ತಪ್ಪು ನನ್ನದೇ. ಹಿಂದೊಮ್ಮೆ ಸಂದುಗಳಿಗೆ ಸಿಮೆಂಟು ತುಂಬಿಸಿದ್ದೆ. ನೆಲದ ತೇವ ಸಂದುಗಳಿಂದ ಹೊರಬರಲಾಗದೆ ಹೆಂಚಿನ ಮೂಲಕವೇ ಹಾಯ್ದು ಅದನ್ನು ಸವೆಸಿತು.

ಮಗನು ಗ್ರಾನೈಟ್ ಹಾಸೋಣವೆಂದ, ನಾನೊಪ್ಪಲಿಲ್ಲ. ಕೆಡವುತ್ತಿದ್ದ ಹಳೆಯ ಮನೆಯೊಂದರಿಂದ ಅದೇ ಅಳತೆ, ಅದೇ ದಪ್ಪದ ಹೆಂಚುಗಳನ್ನು ತಂದೆವು. ಸಿಮೆಂಟನ್ನು ಕೆತ್ತಿ ತೆಗೆದು, ಮರಳು ಹಾಸಿ, ಸುಣ್ಣದ ಗಾರೆಯಿಂದ ಕೂರಿಸಿದೆವು. ಬಣ್ಣ ತುಸು ಬೇರೆ. ನಡೆದು ಸವೆದಂತೆ ಹೊಂದೀತು.

ಅಚ್ಚಿರುವ ಒಡಕು ತುಂಡೊಂದನ್ನು ಕಪಾಟಿನಲ್ಲಿರಿಸಿದ್ದೇನೆ. ಮನೆಗೆ ಸಂಬಂಧಿಸಿದ ಹಳೆಯ ದಾಖಲೆ ನಮ್ಮಲ್ಲಿರುವುದು ಅದೊಂದೇ. ನಿಮ್ಮ ಮನೆಯ ಹೆಂಚನ್ನೂ ಎಸೆಯುವ ಮುನ್ನ ಒಮ್ಮೆ ಮಗುಚಿ ನೋಡಿರಿ.