ಸ್ಯಾಂಡರ್: ಮರ ನುಣುಪಾಗುವ ಬಗೆ

ಸ್ಯಾಂಡರ್ ಓಡಿಸಿದ ಕೈಯ ತಪ್ಪು ಪಾಲಿಶ್ ಹಚ್ಚಿದ ಮೇಲೆ ತಿಳಿಯುತ್ತದೆ. ಬರಿಮರದಲ್ಲಿ ಕಾಣದೆ ಉಳಿದ ಪುಟ್ಟ ಸುರುಳಿ ಗೀರುಗಳಿಗೆ ಸ್ಟೇನ್, ಅಂದರೆ ಮರ ಹೀರುವ ಬಣ್ಣ, ಇಳಿದು, ತೇಗದ ಮೇಜಿನ ತುಂಬ ಕಪ್ಪು ಗುರುತು ಏಳುತ್ತದೆ. ಆಮೇಲೆ ಉಳಿಯುವುದು ಒಂದೇ ದಾರಿ: ಎಲ್ಲ ಕೆರೆದು ಮೊದಲಿಂದ ಉಜ್ಜುವುದು.

ಯಾವ ಕೆಲಸಕ್ಕೆ ಯಾವ ಯಂತ್ರ

ಬೆಲ್ಟ್ ಸ್ಯಾಂಡರ್ ಒರಟು ಕೆಲಸದ್ದು. ಅಂಟಿಸಿದ ಹಲಗೆಗಳ ಏರುತಗ್ಗು ಸರಿಮಾಡಲು, ಹಳೆ ಬಾಗಿಲಿನ ಬಣ್ಣ ತೆಗೆಯಲು ಅದು ಬೇಕು. ಆದರೆ ಒಂದೆಡೆ ಕ್ಷಣ ನಿಂತರೂ ಹಳ್ಳ ಬೀಳುತ್ತದೆ. ವಿನೀರ್ ಅಂಟಿಸಿದ ಪ್ಲೈವುಡ್ ಹತ್ತಿರ ಅದನ್ನು ತರಲೇಬಾರದು. ಅರ್ಧ ಮಿಲಿಮೀಟರ್ ಆಸುಪಾಸಿನ ಆ ವಿನೀರ್ ಪದರ ಕಣ್ಣು ಮಿಟುಕಿಸುವುದರೊಳಗೆ ಹರಿದುಹೋಗುತ್ತದೆ.

ಚೌಕ ಪ್ಯಾಡಿನ ಆರ್ಬಿಟಲ್ ಸ್ಯಾಂಡರ್ ಮೂಲೆಗಳಿಗೆ, ಚೌಕಟ್ಟುಗಳಿಗೆ ಒಳ್ಳೆಯದು. ಕೆಲಸ ನಿಧಾನ.

ಒಂದೇ ಯಂತ್ರ ಕೊಳ್ಳುವವರಿಗೆ ನಾನು ಹೇಳುವುದು ರ‍್ಯಾಂಡಮ್ ಆರ್ಬಿಟಲ್. ಇದರ ದುಂಡು ಪ್ಯಾಡು ತನ್ನಷ್ಟಕ್ಕೆ ತಿರುಗುತ್ತ, ಜೊತೆಗೆ ಸಣ್ಣ ವೃತ್ತದಲ್ಲೂ ಅಲುಗುತ್ತದೆ. ಹಾಗಾಗಿ ಪ್ಯಾಡಿಗೆ ಹಾಕಿದ ಮರಳುಕಾಗದದ ಒಂದು ಕಾಳು ಒಂದೇ ಜಾಡಿನಲ್ಲಿ ಮತ್ತೆ ಮತ್ತೆ ಓಡುವುದಿಲ್ಲ, ಗೀರು ಆಳವಾಗುವುದಿಲ್ಲ. ಕೈಯಲ್ಲಿ ಎತ್ತಿಹಿಡಿದು ಬಾಗಿಲು ಉಜ್ಜಲು 125 ಮಿ.ಮೀ. ಪ್ಯಾಡ್ ಹಗುರ; ದೊಡ್ಡ ಮೇಜಿಗೆ 150 ಮಿ.ಮೀ. ಅನುಕೂಲ. ಅಲುಗಾಟದ ಅಗಲವನ್ನೂ ಅಂಗಡಿಯಲ್ಲಿ ಕೇಳಿ: 5 ಮಿ.ಮೀ. ಇದ್ದರೆ ಮರ ಬೇಗ ಸವೆಯುತ್ತದೆ, 2.5 ಅಥವಾ 3 ಇದ್ದರೆ ಕೊನೆಯ ನುಣುಪು ಚೆನ್ನಾಗಿ ಬರುತ್ತದೆ. ವೇಗ ಹೆಚ್ಚುಕಡಿಮೆ ಮಾಡುವ ಗಾಲಿ, ವ್ಯಾಕ್ಯೂಮ್ ಪೈಪು ಸಿಕ್ಕಿಸುವ ಬಾಯಿ ಇರಲೇಬೇಕು.

ಕಾಗದದ ನಂಬರ್

ನಂಬರ್ ಹೆಚ್ಚಿದಷ್ಟೂ ಕಾಳು ಸಣ್ಣದು. ಪಿ 80ರ ಕಾಳು ಸುಮಾರು 0.2 ಮಿ.ಮೀ., ಪಿ 180ರದು 0.08 ಮಿ.ಮೀ. 80ರ ಗೀರನ್ನು 120 ಅಳಿಸಬೇಕು, 120ರದನ್ನು 180 ಅಳಿಸಬೇಕು. ಪ್ರತಿ ಕಾಗದದ ಕೆಲಸ ಇಷ್ಟೇ. ಸಮಯ ಉಳಿಸಲೆಂದು 80ರಿಂದ ನೇರ 240ಕ್ಕೆ ಹಾರಿದರೆ ಮೇಲ್ಮೈ ಹೊಳೆಯುತ್ತದೆ, ಹಳೆ ಗೀರು ಒಳಗೇ ಕೂತಿರುತ್ತದೆ. ಪ್ರತಿ ಸಲ ಮರದ ಮೇಲೆ ಪೆನ್ಸಿಲ್ಲಿನಿಂದ ತೆಳುವಾಗಿ ಗೆರೆ ಎಳೆದುಕೊಳ್ಳಿ; ಗೆರೆ ಎಲ್ಲೆಡೆ ಅಳಿದರೆ ಯಾವ ಜಾಗವೂ ಬಿಟ್ಟುಹೋಗಿಲ್ಲ ಎಂದರ್ಥ. ಕಾಗದ ಬದಲಿಸುವ ಮುನ್ನ ಧೂಳು ಒರೆಸಿ, ಬೆಳಕನ್ನು ಓರೆಯಾಗಿ ಬಿಟ್ಟು ಗೀರು ನೋಡಿ. ಹಿಂದಿನ ಕಾಗದದ ಒಂದು ಕಾಳು ಮರದ ಮೇಲೆ ಉಳಿದರೂ ಹೊಸ ಗೀರು ಬೀಳುತ್ತದೆ.

ಸ್ಟೇನ್ ಹಚ್ಚುವ ಮರಕ್ಕೆ ಸಾಮಾನ್ಯವಾಗಿ 180 ಅಥವಾ 220 ಸಾಕು. ಅದಕ್ಕೂ ಸಣ್ಣ ಕಾಗದದಲ್ಲಿ ಉಜ್ಜಿದರೆ ಬಣ್ಣ ಸರಿಯಾಗಿ ಇಳಿಯುವುದಿಲ್ಲ. ಹಲಗೆಯ ಅಡ್ಡ ಕುಯ್ದ ತುದಿ ಮಾತ್ರ ಬಣ್ಣವನ್ನು ಹೀರಿ ಕಪ್ಪಾಗುತ್ತದೆ, ಅಲ್ಲಿ ಒಂದು ನಂಬರ್ ಮುಂದೆ ಹೋಗಬೇಕು. ಯಂತ್ರದ ಕೆಲಸ ಮುಗಿದ ಮೇಲೆ ಅದೇ ನಂಬರಿನ ಕಾಗದ ಕೈಯಲ್ಲಿ ಹಿಡಿದು ಎಳೆಯ ಉದ್ದಕ್ಕೆ ನಾಲ್ಕು ಸಲ ಉಜ್ಜಿ. ಉಳಿದ ಸುರುಳಿ ಗೀರು ಎಳೆಯೊಳಗೆ ಸೇರಿಹೋಗುತ್ತದೆ.

ಕೈಯ ಭಾರ

ಒತ್ತಬೇಡಿ. ಒತ್ತಿದರೆ ಪ್ಯಾಡಿನ ತಿರುಗುವಿಕೆ ನಿಂತು, ಬರೀ ಅಲುಗಾಟ ಉಳಿದು, ಅದೇ ಸುರುಳಿ ಗೀರು ಬೀಳುತ್ತದೆ. ಪ್ಯಾಡಿನ ಅಂಚಿಗೆ ಮಾರ್ಕರಿನಲ್ಲಿ ಒಂದು ಗೀಟು ಹಾಕಿದರೆ ಅದು ತಿರುಗುತ್ತಿದೆಯೇ ಎಂದು ಕಣ್ಣಿಗೇ ಕಾಣುತ್ತದೆ. ಯಂತ್ರವನ್ನು ಮರದ ಮೇಲಿಟ್ಟು ಚಾಲೂ ಮಾಡಿ, ಸೆಕೆಂಡಿಗೆ ಒಂದು ಇಂಚಿನಷ್ಟು ನಿಧಾನಕ್ಕೆ ಸಾಗಿಸಿ. ಅಂಚಿನಲ್ಲಿ ಓರೆಮಾಡಿದರೆ ಮೂಲೆ ಸವೆದು ದುಂಡಾಗುತ್ತದೆ.

ಧೂಳು

ಮರದ ಧೂಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಮೂಗಿನ ಒಳಭಾಗಕ್ಕೆ ಅದರ ಅಪಾಯ ಹೆಚ್ಚು. ಬೀಟೆ, ತೇಗದ ಧೂಳು ಕೆಲವರ ಚರ್ಮಕ್ಕೆ ಅಲರ್ಜಿ ತರುತ್ತದೆ. ಮೂಗಿಗೆ ಕಟ್ಟಿದ ಕರ್ಚೀಫು ಸಣ್ಣ ಧೂಳನ್ನು ತಡೆಯುವುದಿಲ್ಲ. ಎನ್95 ಮಾಸ್ಕ್ ಹಾಕಿ, ಯಂತ್ರಕ್ಕೆ ವ್ಯಾಕ್ಯೂಮ್ ಸಿಕ್ಕಿಸಿ. ಧೂಳು ಎಳೆದುಕೊಂಡರೆ ಕಾಗದವೂ ಬೇಗ ಕಟ್ಟಿಕೊಳ್ಳದೆ ಹೆಚ್ಚು ದಿನ ಬರುತ್ತದೆ. ಮೈಸೂರಿನ ಕೆತ್ತುಕೂಡಿಸುವ ಕೆಲಸದ ಹಾಗೆ ಕಪ್ಪು ಬೀಟೆ, ತಿಳಿ ಬಣ್ಣದ ಮರ ಅಕ್ಕಪಕ್ಕ ಕೂತ ಕಡೆ ಧೂಳು ಎಳೆದುಕೊಳ್ಳುವುದು ಇನ್ನೂ ಮುಖ್ಯ, ಏಕೆಂದರೆ ಕಪ್ಪು ಧೂಳು ತಿಳಿ ಮರದ ರಂಧ್ರಗಳಿಗೆ ಇಳಿದರೆ ಮತ್ತೆ ತೆಗೆಯುವುದು ಕಷ್ಟ.

ಹಳೆ ಮರ ಉಜ್ಜುವ ಮೊದಲು ಮೊಳೆ ಕೀಳಿ. ಮೊಳೆಗೆ ತಗುಲಿ ಹಾರಿದ ಕಿಡಿ ಧೂಳಿನ ಚೀಲದೊಳಗೆ ಗಂಟೆಗಟ್ಟಲೆ ಹೊಗೆಯಾಡುತ್ತ ಇರಬಲ್ಲದು. ಆದ್ದರಿಂದ ಚೀಲವನ್ನು ಸಂಜೆ ಶೆಡ್ಡು ಮುಚ್ಚುವ ಮೊದಲೇ ಹೊರಗೆ ಖಾಲಿ ಮಾಡಬೇಕು.